ಭಾನುವಾರದ ಮಾರನೆಯ ದಿನ

"ಈ ಮನೇಲಿ ಇಷ್ಟೊಂದು ಬೆಳಕು ಯಾವತ್ತಾರ ಇತ್ತಾ?"

ರಾಚಮ್ಮ ಯಾರನ್ನೂ ಕೇಳಿದ್ದಲ್ಲ. ನಡುಮನೆಯಲ್ಲಿ ನಿಂತು, ಸೊಂಟಕ್ಕೆ ಕೈಕೊಟ್ಟು, ಕತ್ತೆತ್ತಿ ಆಕಾಶ ನೋಡುತ್ತಿದ್ದಳು. ಶನಿವಾರದ ನಡುಹಗಲು. ಸೂರಿನ ಹಳೆಯ ಹುಲ್ಲೆಲ್ಲ ಕೆಳಗಿಳಿದು ಅಂಗಳದಲ್ಲಿ ರಾಶಿ ಬಿದ್ದಿತ್ತು. ಗೆದ್ದಲು ತಿಂದ ಬಿದಿರಿನ ಗಳಗಳನ್ನೂ ಕಿತ್ತಾಗಿತ್ತು. ಎಷ್ಟೋ ವರ್ಷ ಒಲೆಯ ಹೊಗೆ ಕುಡಿದು ಕರ್ರಗಾಗಿದ್ದ ಮಣ್ಣಿನ ಗೋಡೆಗಳು ಒಮ್ಮೆಗೇ ಬಿಸಿಲಿಗೆ ಬಿದ್ದು, ನಿದ್ದೆಯಿಂದ ಎಬ್ಬಿಸಿದವರ ಮುಖದ ಹಾಗೆ ಕಾಣುತ್ತಿದ್ದವು. ರಾಗಿಕಲ್ಲು, ಗೂಡಿನಲ್ಲಿ ಮರೆತುಹೋಗಿದ್ದ ಬಾಚಣಿಗೆ, ಮೂಲೆಯ ಇಲಿಬಿಲ, ಎಲ್ಲವೂ ಬಟಾಬಯಲು.

ಗೋಡೆಯ ಮೇಲೆ ಕುಳಿತು ಕಡೆಯ ಗಂಟು ಬಿಚ್ಚುತ್ತಿದ್ದ ಜೀವರತ್ನಯ್ಯನಿಗೆ ಆ ಮಾತು ಕೇಳಿಸಿತು. ಅವನು ಹೇಳುವವರ ಪೈಕಿ ಅಲ್ಲ, ಕೇಳುವವರ ಪೈಕಿ.

ಅದು ಯುದ್ಧದ ಕಾಲ. ಹುಣಸೂರಿಗೆ ಬರುವ ಮೋಟಾರು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು, ಸೀಮೆಎಣ್ಣೆಗೆ ಚೀಟಿ ಬೇಕಾಗಿತ್ತು, ಮನೆಗೆ ಹೊದಿಸಲು ತಗಡು ಎಲ್ಲಿಯೂ ಸಿಗುತ್ತಿರಲಿಲ್ಲ. ಆ ಬೇಸಿಗೆ ಹುಣಸೂರಿನ ಪಾದ್ರಿಗಳು ಮೈಸೂರಿನ ಒಂದು ವಿದ್ಯಾರ್ಥಿನಿಲಯದಿಂದ ಆರು ಜನ ಕ್ರೈಸ್ತ ಹುಡುಗರನ್ನು ಕರೆಸಿದರು. ಕಾಲೇಜು ಓದುತ್ತಿದ್ದ, ಮೀಸೆ ಮೂಡಿದ್ದ ಹುಡುಗರು. ಅವರನ್ನು ಮಿಷನ್ ಶಾಲೆಯ ಮೇಷ್ಟ್ರು ಜೀವರತ್ನಯ್ಯನ ಕೈಗೆ ಒಪ್ಪಿಸಿ, ಮಳೆ ಹಿಡಿಯುವುದರೊಳಗೆ ಕೈಲಾಗದವರ ಮನೆಗಳ ಸೂರು ಗೋಡೆ ಸರಿಮಾಡಿಕೊಟ್ಟು ಬನ್ನಿ ಎಂದು ಕಳಿಸಿದರು. ಕೂಲಿ ಕೇಳಬಾರದು, ಮತದ ಮಾತು ಎತ್ತಬಾರದು, ಕರ್ತನ ದಿನವಾದ ಭಾನುವಾರ ಕೆಲಸ ಮಾಡಬಾರದು. ಪಾದ್ರಿಗಳು ಹೇಳಿದ್ದು ಇಷ್ಟೇ.

ಮೊದಲು ಹೆಗ್ಗಡದೇವನಕೋಟೆ ಸೀಮೆಗೆ ಹೋದರು. ಅಲ್ಲಿ ಗೋಡೆಗೆ ಮೆತ್ತಿದ ಮಣ್ಣಿಗಿಂತ ಹುಡುಗರ ಮೈಗೆ ಮೆತ್ತಿದ ಮಣ್ಣೇ ಹೆಚ್ಚಾಯಿತು. ಆಮೇಲೆ ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿ. ಅಷ್ಟು ಹೊತ್ತಿಗೆ ಕೈ ಕುದುರಿತು, ಅಂಗೈಯ ಬೊಬ್ಬೆ ಒಡೆದು ಗಟ್ಟಿಯಾಯಿತು. ಕೊನೆಗೆ ಗುರುಪುರದ ಆಚೆ, ಕಾಡು ಎರಡು ಹರಿದಾರಿ ದೂರವಿದ್ದ ಹೊಂಗೆಕೊಪ್ಪಲಿಗೆ ಬಂದಿದ್ದರು. ಊರಮುಂದಿನ ಹೊಂಗೆಮರಗಳ ಕೆಳಗೆ ಬಿಡಾರ. ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ನೀರನ್ನು ಮಾತ್ರ ಊರಿನವರು ಯಾರಾದರೂ ಸೇದಿ ಹುಯ್ಯಬೇಕಾಗಿತ್ತು.

ರಾಚಮ್ಮನ ಮನೆಯ ವಿಚಾರದಲ್ಲೂ ಮೊದಲ ದಿನವೇ ಕಟ್ಟಳೆಯಾಗಿತ್ತು. ಮನೆದೇವರನ್ನು ಅವಳು ನೆರೆಯ ಕೆಂಪಾಜಮ್ಮನ ಮನೆಗೆ ಸಾಗಿಸಿದ್ದಳು. ಆದರೂ ಹೊಸಿಲು ದಾಟಿ ಯಾರೂ ಒಳಗೆ ಬರಬಾರದು. ಹೊರಗಿನಿಂದ ಏಣಿ ಹಾಕಿ ಹತ್ತಬೇಕು.

"ನೆತ್ತಿ ಮೇಲೆ ನಡೀಬೈದು, ಹೊಸ್ಲು ಮಾತ್ರ ತುಳಿಯಂಗಿಲ್ಲ. ಇದ್ಯಾವ ನ್ಯಾಯ ಕಣೇ ರಾಚಿ?" ಎಂದು ಕೆಂಪಾಜಮ್ಮ ಹುಡುಗರ ಎದುರಿಗೇ ನಕ್ಕಿದ್ದಳು. ಊರಿನ ಹೆರಿಗೆಗಳನ್ನೆಲ್ಲ ಮಾಡಿಸುವವಳು ಅವಳು, ಬಾಯಿಗೆ ಬೀಗವಿರಲಿಲ್ಲ.

"ನಂಗೇನು ಗೊತ್ತು, ಇದ್ದದ್ದು ಅಂಗೆ," ಎಂದಿದ್ದಳು ರಾಚಮ್ಮ.

ಹುಡುಗರಲ್ಲಿ ಕೃಷ್ಣರಾಜನಗರದ ದಾನಿಯೇಲನೆಂಬುವನು ಏಣಿಯ ಮೇಲಿಂದಲೇ, "ನೆತ್ತಿ ಗಟ್ಟಿಯಾದ್ರೆ ಸಾಕು ಬುಡಿ ಅಜ್ಜಿ, ಹೊಸ್ಲು ನಿಮಗೇ ಇರಲಿ," ಎಂದ. ಕೆಂಪಾಜಮ್ಮ ಅವತ್ತಿನಿಂದ ಅವನಿಗೆ ಒಂದು ಲೋಟ ಮಜ್ಜಿಗೆ ಹೆಚ್ಚಿಗೆ ಹುಯ್ಯುತ್ತಿದ್ದಳು.

ಮನೆಗೆ ಸೂರು ಬೇಕಾಗಿದ್ದುದು ಮಳೆಗೆ ಮಾತ್ರವಲ್ಲ. ರಾಚಮ್ಮನಿಗಿದ್ದವಳು ಒಬ್ಬಳೇ ಮಗಳು, ಸಣ್ಣತಾಯಮ್ಮ. ಹಾರನಹಳ್ಳಿಯ ಕಡೆಗೆ ಕೊಟ್ಟಿತ್ತು. ಚೊಚ್ಚಲು ಬಸಿರು, ದಿನ ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಗಂಡ ಸತ್ತ ಮೇಲೆ ಎರಡು ಮಳೆಗಾಲ ಸೋರುವ ಸೂರಿನ ಕೆಳಗೆ ಮಡಕೆಗಳನ್ನು ಸರಿಸಿಕೊಂಡು ಕಳೆದಿದ್ದ ರಾಚಮ್ಮ, ಈ ಸಲ ಮಾತ್ರ ಮಗಳ ಬಾಣಂತನ ಒಣಗಿದ ಮನೆಯಲ್ಲಿ, ತನ್ನ ಒಲೆಯ ಪಕ್ಕದಲ್ಲಿ ಆಗಬೇಕೆಂದು ಹಟ ಹಿಡಿದಿದ್ದಳು. ಆ ಹಟಕ್ಕೇ ಹೊರಗಿನ ಹುಡುಗರು ತನ್ನ ಮನೆ ಹತ್ತಲು ಒಪ್ಪಿದ್ದು. ಹುಲ್ಲಿನ ಹೊರೆ ಬಿಗಿಯುವ ಉದ್ದನೆಯ ಹಗ್ಗವೊಂದು ಅವಳ ಬಳಿಯಿತ್ತು. ಅವಳ ಗಂಡ ಬದುಕಿದ್ದಾಗ ಕೂತು ಹೊಸೆದದ್ದು. ಅಷ್ಟುದ್ದದ ಹಗ್ಗ ಊರಿನಲ್ಲಿ ಇನ್ನೊಂದಿರಲಿಲ್ಲ. ಅದನ್ನು ನೀರಲ್ಲಿ ನೆನೆಸಿ, ಎಳೆದು, ಸುರುಳಿ ಸುತ್ತಿ ಸಿದ್ಧ ಮಾಡಿಟ್ಟಿದ್ದಳು.

ಹೊಸ ಗಳಗಳು ಸಿದ್ಧವಾಗಿದ್ದವು, ಹೊಸ ಹುಲ್ಲನ್ನು ಕಾಡಂಚಿನಲ್ಲಿ ಕೊಯ್ದು ಮೆದೆ ಹಾಕಿತ್ತು. ಅದು ಶನಿವಾರ ಮಧ್ಯಾಹ್ನಕ್ಕೆ ಪುಟ್ಟಮಲ್ಲಪ್ಪನವರ ಗಾಡಿಯಲ್ಲಿ ಬರಬೇಕಾಗಿತ್ತು. ಆ ಲೆಕ್ಕದ ಮೇಲೆಯೇ ಜೀವರತ್ನಯ್ಯ ಸೂರಿನ ಎರಡು ಮಗ್ಗುಲನ್ನೂ ಒಟ್ಟಿಗೆ ಬಿಚ್ಚಿಸಿದ್ದು. ಗಾಡಿ ಊರು ದಾಟುವುದರೊಳಗೆ ಗಾಲಿಯ ಪಟ್ಟಿ ಸಡಿಲಾಗಿ ಕಳಚಿಬಿತ್ತು. ಪುಟ್ಟಮಲ್ಲಪ್ಪನವರು ಗಾಲಿಯನ್ನು ಗುರುಪುರದ ಆಚಾರಿಯ ಹತ್ತಿರಕ್ಕೆ ಉರುಳಿಸಿಕೊಂಡು ಹೋಗಿ, ಪಟ್ಟಿ ಕಾಯಿಸಿ ಕೂರಿಸಿಕೊಂಡು ಬರುವ ಹೊತ್ತಿಗೆ ದೀಪ ಹಚ್ಚುವ ಸಮಯ.

ಆ ಸಂಜೆಯೂ ಅವರ ಜಗಲಿಯ ಮೇಲೆ ಓದು ನಡೆಯಿತು. ಅರವತ್ತರ ಗಡಿಯಲ್ಲಿದ್ದ ಪುಟ್ಟಮಲ್ಲಪ್ಪನವರು ಲಿಂಗವಂತರು, ಹಣೆ ತುಂಬ ವಿಭೂತಿ. ಹೊಂಗೆಎಣ್ಣೆಯ ದೀಪ ಇಟ್ಟುಕೊಂಡು, ಅಂಚು ಮಡಚಿಹೋದ ಪುಸ್ತಕ ಬಿಡಿಸಿ, ಷಟ್ಪದಿಗಳನ್ನು ರಾಗವಾಗಿ ಓದಿ ತಾವೇ ಅರ್ಥ ಹೇಳುತ್ತಿದ್ದರು. ಜೀವರತ್ನಯ್ಯ ಊರಿಗೆ ಬಂದ ದಿನದಿಂದ ಜಗಲಿಯ ಕೆಳಗಿನ ಚಪ್ಪಡಿಯ ಮೇಲೆ ಕೂತು ಕೇಳುತ್ತಿದ್ದ. ಅವನ ತಾತನೂ ಹೀಗೆಯೇ ಊರೂರ ಜಗಲಿಗಳಲ್ಲಿ ಓದುತ್ತಿದ್ದವನು. ದೀಕ್ಷಾಸ್ನಾನ ಪಡೆದ ಮೇಲೆ ತಾತ ಪುಸ್ತಕ ಮುಚ್ಚಿಟ್ಟ, ಬಾಯಿ ಮುಚ್ಚಲಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪದ್ಯಗಳನ್ನು ಹೇಳಿಯೇ ಹೇಳಿದ. ಹಾಗಾಗಿ ಜೀವರತ್ನಯ್ಯನಿಗೆ ಪ್ರಾರ್ಥನೆಯೂ ಅದೇ ಲಯದಲ್ಲಿ ಬರುತ್ತಿತ್ತು.

"ಇದನ್ನ ನಾವು ಕೇಳಬಹುದಾ ಸಾರ್?" ಎಂದು ದಾನಿಯೇಲ ಮೊದಲ ದಿನವೇ ಕೇಳಿದ್ದ.

"ಬಾಯಿಗೆ ಕಟ್ಟು ಮಾಡಿದಾರೆ, ಕೈಗೆ ಕಟ್ಟು ಮಾಡಿದಾರೆ. ಕಿವಿ ವಿಚಾರ ಪಾದ್ರಿಗಳು ಏನೂ ಹೇಳಲಿಲ್ಲ," ಎಂದಿದ್ದ ಜೀವರತ್ನಯ್ಯ.

ಓದು ಮುಗಿದು ಪುಟ್ಟಮಲ್ಲಪ್ಪನವರು ದೀಪದ ಬತ್ತಿ ತಗ್ಗಿಸಿದರು. "ಗಾಲಿ ಸರಿಯಾಯ್ತು ಮೇಷ್ಟ್ರೇ. ನಾಳೆ ತಂಪೊತ್ನಲ್ಲೇ ಒಂಟ್ಬುಡುವಾ. ನಿಮ್ಮುಡುಗ್ರು ಎಲ್ರೂ ಬರ್ಲಿ. ಊರೋರು ಯಾರೂ ಸಿಕ್ಕಾಕಿಲ್ಲ, ನಾಳೆ ಎಲ್ಲಾ ಉಳಾಕೆ ಆರು ಕಟ್ತಾರೆ. ಒಬ್ನೇ ಓಗಿ ಏರಿಸ್ಕಂಡು ಬರಾಕೆ ಅದು ಆನೆ ತಿರುಗೋ ಜಾಗ."

"ನಾಳೆ ಭಾನುವಾರ ಮಲ್ಲಪ್ಪನವರೇ. ನಾವು ಕೆಲಸ ಮಾಡೋ ಹಾಗಿಲ್ಲ. ಸೋಮವಾರ ಹೋಗೋಣ."

"ಸ್ವಾಮಾರ ನಾವು ಎತ್ತಿನ ಎಗಲಿಗೆ ನೊಗ ಇಡಾಕಿಲ್ಲವಲ್ಲ. ಬಸವಣ್ಣನ ದಿವ್ಸ. ನಿಮ್ಗೆ ಗೊತ್ತಿರೋದೇ."

ಗೊತ್ತಿತ್ತು. ಆ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ. "ಒಂದು ದಿನಕ್ಕೆ ಏನಾದರೂ..." ಎಂದ ಜೀವರತ್ನಯ್ಯ.

"ನಿಮ್ದೂ ಒಂದು ದಿನಾನೇ ಅಲ್ವಾ?"

"ಇದು ಆಜ್ಞೆ, ಮಲ್ಲಪ್ಪನವರೇ."

"ಸರಿ ಬುಡಿ," ಎಂದು ಪುಟ್ಟಮಲ್ಲಪ್ಪನವರು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿದರು.

ಬಿಡಾರಕ್ಕೆ ನಡೆಯುತ್ತ ಜೀವರತ್ನಯ್ಯ ತನ್ನೊಳಗೇ ತೂಗಿ ನೋಡಿದ. ತನ್ನದು ಆಜ್ಞೆ, ಅವರದು ರೂಢಿ. ಆಜ್ಞೆ ಬಾಗುವುದಿಲ್ಲ, ರೂಢಿ, ಬಸುರಿ ಹೆಂಗಸಿನ ಮುಖ ನೋಡಿಯಾದರೂ ಬಾಗುತ್ತದೆ. ಸೋಮವಾರದ ಹೊತ್ತಿಗೆ ಮಲ್ಲಪ್ಪನವರು ಒಪ್ಪಿಯೇ ಒಪ್ಪುತ್ತಾರೆ. ಈ ಎಣಿಕೆಯಲ್ಲಿ ಅವನಿಗೆ ಯಾವ ತಪ್ಪೂ ಕಾಣಲಿಲ್ಲ. ಮಕ್ಕಳಿಗೆ ಮಗ್ಗಿ ಹೇಳಿಕೊಡುವವನ ಎಣಿಕೆಯಂತೆ ಅದು ಸರಾಗವಾಗಿ ಬಂದಿತ್ತು.

ಅದೇ ಹೊತ್ತಿನಲ್ಲಿ ಪುಟ್ಟಮಲ್ಲಪ್ಪನವರೂ ಮೇಷ್ಟ್ರ ವಿಚಾರದಲ್ಲಿ ಇದೇ ಎಣಿಕೆ ಹಾಕಿದ್ದರು. ಅದು ಭಾನುವಾರ ಬೆಳಿಗ್ಗೆ ಗೊತ್ತಾಯಿತು.

ಹೊಂಗೆಮರದ ಕೆಳಗೆ ಆರಾಧನೆ ನಡೆದಿತ್ತು. ಹುಡುಗರು ಬಿಳಿಯ ಪಂಚೆ ಉಟ್ಟು, ತಲೆ ಬಾಚಿ, ಹಾಡು ಮುಗಿಸಿ ಕೂತಿದ್ದರು. ಗಾಡಿಯ ಕಿರುಗುಟ್ಟುವ ಸದ್ದು ಬಂದು ಮರದ ನೆರಳಿನ ಅಂಚಿನಲ್ಲಿ ನಿಂತಿತು. ಪುಟ್ಟಮಲ್ಲಪ್ಪನವರು ಮೂಕಿಯ ಮೇಲೆ ಕೂತಿದ್ದರು. ಹಿಂದೆಯೇ ರಾಚಮ್ಮ, ಹೆಗಲ ಮೇಲೆ ಹಗ್ಗದ ಸುರುಳಿ. ಅವಳ ಹಿಂದೆ, ನೋಡಲೆಂದೇ ಬಂದ ಕೆಂಪಾಜಮ್ಮ.

ಪ್ರಾರ್ಥನೆ ಮುಗಿಯುವವರೆಗೆ ಮೂವರೂ ಅಲ್ಲೇ ಕಾದರು. ಆಮೆನ್ ಎಂದ ಮೇಲೆ ರಾಚಮ್ಮ ಮುಂದೆ ಬಂದಳು.

"ಮೇಷ್ಟ್ರೇ, ಇವತ್ತು ಉಲ್ಲು ತಂದ್ಕೊಟ್ಬುಡಿ. ಮಗ್ಳು ಬರೋ ದಿನ. ಮೋಡ ನೋಡಿದ್ರೆ ಕೃತ್ತಿಕೆ ಮಳೆ ಸುಮ್ನಿರೋ ಅಂಗೆ ಕಾಣ್ನಿಲ್ಲ."

ಜೀವರತ್ನಯ್ಯ ಎದ್ದು ನಿಂತ. ಹುಡುಗರೆಲ್ಲ ಅವನ ಮುಖ ನೋಡುತ್ತಿದ್ದರು. ಒಪ್ಪಿಬಿಡಿ ಎನ್ನುವ ಮುಖ ಕೆಲವರದು. ದಾನಿಯೇಲ ಆಗಲೇ ಪಂಚೆ ಎತ್ತಿ ಕಟ್ಟಲು ಅಂಚು ಹುಡುಕುತ್ತಿದ್ದ.

"ಇವತ್ತು ಬರೋಕಾಗಲ್ಲ ರಾಚಮ್ಮ. ದೇವರ ದಿನ. ತಪ್ಪು ತಿಳ್ಕೋಬೇಡಿ."

ರಾಚಮ್ಮ ಅವನನ್ನು ಒಂದು ಕ್ಷಣ ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. "ದೇವ್ರ ದಿವ್ಸ ಅಂದ್ಮೇಲೆ ಆಯ್ತು," ಎಂದು ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ತಿರುಗಿದಳು.

"ಅಲ್ಲಾ, ನಿಮ್ ದೇವ್ರು ವಾರಕ್ಕೊಂದಪ ಮನಗ್ತಾನಾ?" ಎಂದಳು ಕೆಂಪಾಜಮ್ಮ. "ನಮ್ಮೋನಿಗೆ ಆ ಭಾಗ್ಯವೂ ಇಲ್ಲ. ಎತ್ತು ಬಿಚ್ಚಿದ್ರೂ ಅವ್ನೇ ಮೇಯಿಸ್ಬೇಕು."

ಪುಟ್ಟಮಲ್ಲಪ್ಪನವರು ಎತ್ತುಗಳನ್ನು ಹಿಂದಕ್ಕೆ ತಿರುಗಿಸಿದರು.

ಮಧ್ಯಾಹ್ನದ ಬಿಸಿಲು ಇಳಿಯುವ ಮುಂಚೆ ಸಣ್ಣತಾಯಮ್ಮ ಬಂದಳು. ಗಂಡ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ ಕೂರಿಸಿಕೊಂಡು ಬಂದಿದ್ದ. "ಸ್ವಾಮಾರ ಗಾಡಿ ಕಟ್ಟಂಗಿಲ್ಲ, ಮಂಗಳವಾರ ಬಸುರೀನ ಕಳಿಸಂಗಿಲ್ಲ, ಅದ್ಕೇ ಇವತ್ತೇ ಕರ್ಕಂಡು ಬಂದೆ ಅತ್ತೆ," ಎಂದ. ಮನೆಯ ಮುಂದೆ ಗಾಡಿ ನಿಂತಾಗ ಅವನು ಗೋಡೆಗಳನ್ನು ನೋಡಿದ, ಗೋಡೆಗಳ ಮೇಲಿನ ಖಾಲಿಯನ್ನು ನೋಡಿದ. ಹೆಂಡತಿಯನ್ನು ಇಳಿಸಬೇಕೋ ಬೇಡವೋ ತಿಳಿಯದೆ ಅಲ್ಲೇ ನಿಂತ.

ಕೆಂಪಾಜಮ್ಮ ಅವಳ ರಟ್ಟೆ ಹಿಡಿದು ಇಳಿಸಿಕೊಂಡಳು. "ಬಾ ಮಗಳೇ, ನಿಮ್ಮವ್ವ ಅರಮನೆ ಕಟ್ಟಿಸ್ತಾವ್ಳೆ. ಅಲ್ಲಿಗಂಟ ನನ್ ಕೊಟ್ಟಿಗೇಲಿರು." ಅವಳ ಮನೆಯ ಒಳಗೆ ಮಗ ಸೊಸೆ ಮಕ್ಕಳಿಗೇ ಕಾಲು ಚಾಚಲು ಜಾಗವಿರಲಿಲ್ಲ. ಕೊಟ್ಟಿಗೆಯ ಒಂದು ಮೂಲೆಯಿಂದ ಹಸುವನ್ನು ಆಚೆ ಕಟ್ಟಿ, ನೆಲ ಸಾರಿಸಿ ಚಾಪೆ ಹಾಸಿದರು. ಅಳಿಯ ಮಜ್ಜಿಗೆ ಕುಡಿದು ಕತ್ತಲಾಗುವ ಮೊದಲೇ ಗಾಡಿ ಹೊಡೆದುಕೊಂಡು ಹೋದ.

ಅವನು ಊರು ದಾಟಿರಬೇಕು, ಗಾಳಿ ಎದ್ದಿತು. ಹೊಂಗೆಯ ಎಲೆಗಳೆಲ್ಲ ಬೆನ್ನು ತಿರುಗಿಸಿದವು. ಆಮೇಲೆ ಮಳೆ ದಪ್ಪ ಹನಿಗಳಲ್ಲಿ, ಯಾರೋ ಮೊರದಿಂದ ಕಾಳು ಎರಚಿದ ಹಾಗೆ ಬಂತು.

"ಸಾರ್," ಎಂದ ದಾನಿಯೇಲ, "ಗೋಡೆ ಮುಚ್ಚೋದು ಕೆಲಸವಾ ಸಾರ್?"

ಬಾವಿಗೆ ಬಿದ್ದ ಎತ್ತನ್ನು ವಿಶ್ರಾಂತಿಯ ದಿನವಾದರೂ ಮೇಲೆತ್ತಬೇಕು. ಸುವಾರ್ತೆಯ ಆ ಮಾತು ಜೀವರತ್ನಯ್ಯನಿಗೆ ಗೊತ್ತಿತ್ತು. "ಓಡಿ," ಎಂದ.

ತಾವು ಮಲಗುವ ಜಮಖಾನ, ಚಾಪೆ, ಗೋಣಿತಾಟು, ಬಿಳಿಯ ಪಂಚೆಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ಓಡಿದರು. ಗೋಡೆಗಳ ನೆತ್ತಿಗೆ ಹಾಸಿ ಮೇಲೆ ಕಲ್ಲು ಹೇರಿದರು. ಅಂಗಳದ ಹಳೆಯ ಹುಲ್ಲನ್ನು ಎತ್ತಿ ಎತ್ತಿ ಹಾಕಿದರು. ಅದು ಗಾಳಿಗೆ ಪುಡಿಯಾಗಿ ಕಣ್ಣು ತುಂಬಿತು. ಪಡುವಲ ಗೋಡೆಯನ್ನು ಮುಟ್ಟುವ ಹೊತ್ತಿಗೆ ಅದರ ಮೇಲಿನ ಮಣ್ಣು ತೊಯ್ದು, ಉಬ್ಬಿ, ಬೆಂದ ಮುದ್ದೆ ಜಾರುವಂತೆ ನಿಧಾನವಾಗಿ ಒಳಕ್ಕೆ ಜಾರಿತು. ಸದ್ದೇನೂ ದೊಡ್ಡದಾಗಿ ಆಗಲಿಲ್ಲ. ಒಳಗಿದ್ದ ಒಲೆ ಮುಚ್ಚಿಹೋಯಿತು.

ರಾಚಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತು ನೋಡಿದಳು. ಅವಳ ಹಿಂದೆ ಕೆಂಪಾಜಮ್ಮ ಸೋರುವ ಕಡೆಗೆ ಮಡಕೆ ಇಡುತ್ತಿದ್ದಳು.

ಮಳೆ ಬಂದ ಹಾಗೆಯೇ ನಿಂತಿತು. ನೆನೆದ ಜಮಖಾನ ಹಿಂಡುತ್ತ ಜೀವರತ್ನಯ್ಯನಿಗೆ ಒಂದು ಯೋಚನೆ ಬಂತು. ಸಂಜೆಗೆ ಗೋಡೆ ಮುಚ್ಚುವುದು ಸರಿಯಾದರೆ, ಬೆಳಿಗ್ಗೆ ಹುಲ್ಲು ತರುವುದು ಹೇಗೆ ತಪ್ಪಾಗುತ್ತಿತ್ತು? ಎತ್ತು ಬಾವಿಗೆ ಬೀಳುವ ತನಕ ಕಾಯಬೇಕೆಂದು ಯಾರು ಹೇಳಿದ್ದರು? ಅವನು ಜಮಖಾನವನ್ನು ಇನ್ನಷ್ಟು ಬಿಗಿಯಾಗಿ ಹಿಂಡಿದ, ಯೋಚನೆಯನ್ನು ಅಲ್ಲಿಗೇ ಬಿಟ್ಟ.

ಸೋಮವಾರ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಪಡುವಣ ಅಂಚಿನಲ್ಲಿ ಮಾತ್ರ ಬೂದುಬಣ್ಣದ ಗೆರೆಯೊಂದು ಉಳಿದಿತ್ತು. ಹೊಲದ ಕಡೆಗೆ ಯಾರೂ ಹೋಗಲಿಲ್ಲ. ಕೊರಳಗಂಟೆಯ ಸದ್ದಿಲ್ಲದ ಊರು ಹೊತ್ತಿಗೆ ಮುಂಚೆ ಎದ್ದವರಂತೆ ಮಂಕಾಗಿ ಕೂತಿತ್ತು.

ದಾನಿಯೇಲ ತಲೆಹೊರೆಯ ಮಾತೆತ್ತಿದ. "ನಾವೇ ಹೋಗಿ ಹೊತ್ತು ತರೋಣ ಸಾರ್."

"ಎರಡು ಹರಿದಾರಿ ಹೋಗಿ ಎರಡು ಹರಿದಾರಿ ಬರಬೇಕು. ನೀವು ಆರೂ ಜನ ತಂದರೆ ಒಲೆಯ ಮೂಲೆಯೂ ಮುಚ್ಚಲ್ಲ," ಎಂದು ಜೀವರತ್ನಯ್ಯ ಪುಟ್ಟಮಲ್ಲಪ್ಪನವರ ಮನೆಯ ಕಡೆ ನಡೆದ.

ಅವರು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಜಗಲಿಯ ಮುಂದೆ ಕಟ್ಟಿದ್ದರು. ಎರಡೂ ಕಾಲು ಮಡಚಿ ಮೆಲುಕು ಹಾಕುತ್ತಿದ್ದವು. ಜೀವರತ್ನಯ್ಯ ಚಪ್ಪಡಿಯ ಹತ್ತಿರ ನಿಂತ. ಕೂರಲಿಲ್ಲ.

"ಕೇಳ್ಬ್ಯಾಡಿ ಮೇಷ್ಟ್ರೇ," ಎಂದರು ಪುಟ್ಟಮಲ್ಲಪ್ಪನವರು.

"ಕೇಳೋಕೇ ಬಂದಿದೀನಿ. ಇವತ್ತು ಸಂಜೆ ಮತ್ತೆ ಮಳೆ ಬಂದರೆ ಆ ಗೋಡೆ ಬುಡದ ತನಕ ಹೋಗ್ತದೆ. ಗೋಡೆ ಹೋದರೆ ಸೂರು ಎಲ್ಲಿ ಇಡೋದು?"

"ನೆನ್ನೆ ನಾನು ನಿಮ್ ಮರದ ಕೆಳಗೆ ನಿಂತಿದ್ದೆ. ಇವತ್ತು ನೀವು ನನ್ ಜಗ್ಲಿ ಕೆಳಗೆ. ಚೆಂದಾಗದೆ ತಮಾಸೆ."

"ಪಾಪ ಅನ್ನೋದಿದ್ದರೆ ನನಗಿರಲಿ."

"ಪಾಪ ಅಂಗೆ ಸೇರು ಪಾವು ಅಳೆದು ಕೊಡಾಕೆ ಅದೇನು ರಾಗಿಯಾ?"

ಜೀವರತ್ನಯ್ಯ ಚಪ್ಪಡಿಯ ಬಳಿಯಿಂದ ಕದಲಲಿಲ್ಲ. ಪುಟ್ಟಮಲ್ಲಪ್ಪನವರು ಪಡುವಣ ಗೆರೆಯನ್ನು ನೋಡಿದರು, ಎತ್ತುಗಳನ್ನು ನೋಡಿದರು.

"ಉಡುಗೀಗೆ ನೋವು ಕಾಣಿಸ್ಕಂಡದಾ?"

"ಬೆಳಗಿನಿಂದ ಸೊಂಟ ಹಿಡೀತಾ ಇದೆಯಂತೆ. ಇವತ್ತೋ ನಾಳೆಯೋ ಅಂತಾರೆ ಕೆಂಪಾಜಮ್ಮ."

"ನಮ್ಮಪ್ಪ ಕಟ್ನಿಲ್ಲ. ನಾನೂ ಕಟ್ನಿಲ್ಲ," ಎಂದರು ಮುದುಕರು. ಆಮೇಲೆ ಬೇರೆ ಯಾವುದೋ ವಿಚಾರ ಹೇಳುವವರ ಹಾಗೆ ಮುಂದುವರಿಸಿದರು. "ಈ ಜಗ್ಲಿ ಮ್ಯಾಲೆ ಎಷ್ಟು ವರ್ಸದಿಂದ ಓದ್ತಾವ್ನಿ. ಅರ್ಧ ಜನ ತೂಕಡಿಸ್ತಾರೆ, ಮಿಕ್ಕೋರು ಬೀಡಿ ಕಚ್ತಾರೆ. ಕಣ್ ಮುಚ್ಕಂಡು, ಪದಪದಕ್ಕೂ ತಲೆ ತೂಗಿ ಕೇಳ್ದೋರು ನೀವೊಬ್ರು. ನಿಮ್ ಮುಖ ನೋಡ್ಕಂಡು ಇಲ್ಲ ಅನ್ನಾಕೆ ನಾಲ್ಗೆ ಏಳಾಕಿಲ್ಲ. ನಡೀರಿ, ಊರೋರು ಗುಂಪು ಸೇರೋದ್ರೊಳಗೆ."

ಅವರು ಹೆಗಲವಸ್ತ್ರದ ತುದಿಯಿಂದ ಎರಡೂ ಎತ್ತುಗಳ ಹಣೆಯ ವಿಭೂತಿಯನ್ನು ಒರಸಿದರು. ಎತ್ತುಗಳು ಏಳಲಿಲ್ಲ. ಗೊರಸು ತಟ್ಟಿದರೂ ಏಳದೆ, ಇವತ್ತು ಇದೇನು ಎಂಬಂತೆ ಯಜಮಾನನ ಮುಖ ನೋಡಿದವು. ಬಾಲ ಮುರಿದು ಎಬ್ಬಿಸಬೇಕಾಯಿತು. ನೊಗ ಎತ್ತಿ ಹಿಡಿದಾಗ ಕತ್ತು ಚಾಚುವ ಅಭ್ಯಾಸವಿದ್ದ ಎಡದ ಎತ್ತು ಅವತ್ತು ಕತ್ತು ಚಾಚಲಿಲ್ಲ. ರೂಢಿ ಬಾಗುತ್ತದೆ ಎಂದು ಶನಿವಾರ ರಾತ್ರಿ ಎಣಿಸಿದ್ದವನು ಅದು ಬಾಗುವುದನ್ನು ನಿಂತು ನೋಡಿದ. ಎಣಿಕೆ ಸರಿಹೋಯಿತೆಂಬ ಸಮಾಧಾನ ಬರಬೇಕಾಗಿತ್ತು. ಮುದುಕರ ಹೆಗಲವಸ್ತ್ರದ ಬಿಳಿಯ ಕಲೆ ನೋಡಿದ ಮೇಲೆ ಬರಲಿಲ್ಲ.

ಗಾಡಿ ರಾಚಮ್ಮನ ಮನೆಯ ಮುಂದೆ ನಿಂತಾಗ ಅವಳು ಸೀರೆ ಎತ್ತಿ ಕಟ್ಟಿ, ಕುಸಿದ ಗೋಡೆಯ ಮಣ್ಣನ್ನು ಅಂಗಳದಲ್ಲಿ ಗುಡ್ಡೆ ಮಾಡಿ ಕಾಲಲ್ಲಿ ತುಳಿಯುತ್ತಿದ್ದಳು. ಹುಡುಗರು ಗೋಡೆ ಬಿದ್ದ ಕಡೆಯಿಂದ, ಹೊಸಿಲು ತುಳಿಯದೆ, ಮಂಕರಿಯಲ್ಲಿ ಮಣ್ಣು ಹೊತ್ತು ಹಾಕುತ್ತಿದ್ದರು. ಹಗ್ಗದ ಸುರುಳಿ, ಉಳಿದಿದ್ದ ಒಂದೇ ತೊಲೆಯ ತುದಿಗೆ ನೇತುಬಿದ್ದಿತ್ತು.

ಅವಳು ಮೊದಲು ನೋಡಿದ್ದು ಎತ್ತಿನ ಹಣೆಯನ್ನು.

"ಮಲ್ಲಣ್ಣ, ಇವತ್ತೇನು ವಾರ?"

"ಗೊತ್ತು ಕಣವ್ವ. ಮೇಷ್ಟ್ರು ಬಂದು ಕೇಳ್ಕಂಡ್ರು," ಎಂದರು ಪುಟ್ಟಮಲ್ಲಪ್ಪನವರು, ಅವಳ ಕಡೆ ನೋಡದೆ.

"ಮಲ್ಲಪ್ಪನವರು ಒಪ್ಪಿದಾರೆ ರಾಚಮ್ಮ," ಎಂದ ಜೀವರತ್ನಯ್ಯ. "ಈಗ ಹೊರಟರೆ ಸಂಜೆ ಒಳಗೆ ಒಂದು ಮಗ್ಗುಲಾದರೂ ಹೊದಿಸಿಬಿಡ್ತೀವಿ. ಆ ಹಗ್ಗ ಕೊಡಿ."

ರಾಚಮ್ಮ ಮಣ್ಣಿನಿಂದ ಕಾಲು ಕೀಳಲಿಲ್ಲ.

ಕೊಟ್ಟಿಗೆಯಿಂದ ಸಣ್ಣತಾಯಮ್ಮನ ನರಳಿಕೆ ಕೇಳಿಸಿತು. ಹಿಂದೆಯೇ ಕೆಂಪಾಜಮ್ಮನ ತಲೆ ಹೊರಗೆ ಬಂತು. "ಕೊಡು ಕಣೇ ರಾಚಿ, ಏನು ನೋಡ್ತಾ ನಿಂತ್ಕಂಡೆ. ನನ್ ಕೊಟ್ಟಿಗೇಲಿ ಒಳಗೊಂದು ಮಳೆ ಒರಗೊಂದು ಮಳೆ. ಎತ್ತು ಕಟ್ಟೋನೇ ಕಟ್ಟವ್ನೆ, ನಿಂದೇನು?"

"ಮೇಷ್ಟ್ರೇ," ಎಂದಳು ರಾಚಮ್ಮ, "ನೆನ್ನೆ ನಿಮ್ ಮರದ ಕೆಳಗೆ ಬಂದು ಕೇಳ್ದೆ. ದೇವ್ರ ದಿವ್ಸ, ಬರಾಕಾಗಲ್ಲ ಅಂದ್ರಿ. ನಾನೇನಾರ ಅಂದ್ನಾ?"

"ಇಲ್ಲ."

"ಯಾಕೆ ಅಂತ ಕೇಳಿದ್ನಾ?"

"ಇಲ್ಲ."

"ಕೇಳ್ನಿಲ್ಲ. ಸರಿ ಅಂದ್ಕಂಡು ಇದೇ ಅಗ್ಗ ಒತ್ಕಂಡು ವಾಪಸ್ ಬಂದೆ."

ಹುಡುಗರು ಮಂಕರಿ ಕೆಳಗಿಟ್ಟು ನಿಂತಿದ್ದರು. ಎಡದ ಎತ್ತು ನೊಗದ ಕೆಳಗೆ ಕತ್ತು ಕೊಡವಿತು.

"ಅದು ಬೇರೆ ರಾಚಮ್ಮ," ಎಂದ ಜೀವರತ್ನಯ್ಯ. ಎಂದ ಮೇಲೆ ಹೇಗೆ ಬೇರೆ ಎಂದು ಹೇಳಬೇಕಾಯಿತು. ಅದನ್ನು ಬಿಟ್ಟು ಬೇರೆ ಮಾತು ಹಿಡಿದ. "ಮೋಡ ನೋಡಿ. ಇವತ್ತು ಹೊದಿಸದೇ ಹೋದರೆ ಮಗಳು ಆ ಕೊಟ್ಟಿಗೇಲೇ ಹೆರಬೇಕಾಗ್ತದೆ."

"ಕೊಟ್ಟಿಗೇಲಿ ಹೆತ್ರೆ ಏನಾಯ್ತದೆ?"

ಅವಳು ನಿಜವಾಗಿಯೂ ಕೇಳಿದ್ದಳು, ಉತ್ತರಕ್ಕೂ ಕಾದಳು. ಕೊಟ್ಟಿಗೆಯಲ್ಲಿ ಹುಟ್ಟಿದ ಕ್ರಿಸ್ತನ ಹಾಡು ಹಾಡುತ್ತ ಬೆಳೆದವರು ಆರೂ ಹುಡುಗರು. ದಾನಿಯೇಲ ನೆಲ ನೋಡಿದ. ಜೀವರತ್ನಯ್ಯನ ಕೈ ತಾನಾಗಿಯೇ ಎದ್ದು ತಲೆಯ ಮೇಲಿನ ಟೋಪಿಯನ್ನು ತೆಗೆಯಿತು. ತೆಗೆದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತ.

"ನಾಳೆ ಓಗುವಾ," ಎಂದಳು ರಾಚಮ್ಮ. "ನಾಳೆ ನಾನೂ ಬತ್ತೀನಿ, ನಿಮ್ಮುಡುಗ್ರ ಜೊತೆ ಉಲ್ಲು ಏರ್ತೀನಿ. ಗೋಡೆ ವೋದ್ರೆ ಮತ್ತೆ ಇಡುವಾ. ಮಣ್ಣು ಎಲ್ಲಿಗೂ ಓಡೋಗಾಕಿಲ್ಲ."

"ನಾಳೆ ತನಕ ಆ ಗೋಡೆ ನಿಲ್ಲಲ್ಲ. ಗಾಡಿ ಕಟ್ಟಿ ಆಗಿದೆ. ಒಂದು ಹಗ್ಗ ಕೇಳ್ತಾ ಇದೀನಿ, ಕೊಡಿ."

ಅವಳು ಮಣ್ಣಿನಿಂದ ಕಾಲು ಕಿತ್ತು, ತೊಲೆಯ ಹತ್ತಿರ ಹೋಗಿ, ಕೆಸರು ಅಂಟದ ಹಾಗೆ ಮೊಣಕೈಯಿಂದಲೇ ಹಗ್ಗದ ಸುರುಳಿಯನ್ನು ಇಳಿಸಿಕೊಂಡಳು. ಇಳಿಸಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

"ಕೊಡಾಕಿಲ್ಲ," ಎಂದಳು. "ಮಲ್ಲಣ್ಣ, ಎತ್ತು ಬಿಚ್ಚು."